ಮೇಲಿನ ಹಲ್ಲು ಕೀಳದ ಡಾಕ್ಟ್ರಮ್ಮ

ಶಿರಾದ ಕಡಲೇಕಾಯಿ ಮಂಡಿಯ ಹಫೀಜ್ ಸಾಬರ ಮಗಳು ಖುಷ್ನುಮಾ ಹಲ್ಲಿನ ಡಾಕ್ಟರಾಗಿ ಊರಿಗೆ ಬಂದಾಗ ಊರು ಅವಳನ್ನು ತಲೆ ಮೇಲೆ ಹೊತ್ತು ಮೆರೆಸಿತು. ಹೊತ್ತವರೇ ಒಂದು ದಿನ ಎತ್ತಿ ಹಾಕುತ್ತಾರೆ ಎಂಬುದನ್ನು ಅವಳಿಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಹೇಳಿಕೊಟ್ಟಿದ್ದೇ ಬೇರೆ. ಕೊನೆಯ ದಿನ ಅವಳ ಮೇಷ್ಟ್ರು, "ಮೊದಲ ಮೂರು ವರ್ಷವೇ ನಿಮ್ಮ ಬುನಾದಿ. ಅಲ್ಲಿ ಒಂದು ಕಲ್ಲು ಸೊಟ್ಟ ಕೂತರೂ ಮೇಲೆ ಕಟ್ಟಿದ್ದೆಲ್ಲ ಸೊಟ್ಟವೇ. ಸರಿಯಾದ ಕೆಲಸ ಮಾಡಿ, ಹೆಸರು ತಾನಾಗಿ ಬರುತ್ತೆ" ಎಂದು ಭಾಷಣ ಮಾಡಿದ್ದರು. ತಿಂಗಳಾದರೆ ಸಂಬಳ ಬರುವವರ ಬಾಯಲ್ಲಿ ಇಂಥ ಮಾತು ಸಲೀಸಾಗಿ ಬರುತ್ತದೆ. ಖುಷ್ನುಮಾ ಅದನ್ನು ನಂಬಿದಳು. ಇಪ್ಪತ್ತನಾಲ್ಕರ ಹುಡುಗಿ ನಂಬದೆ ಇನ್ನೇನು ಮಾಡಿಯಾಳು?

ಹುಡುಗಿಯ ಕೈ ಮಾತ್ರ ನಿಜಕ್ಕೂ ಒಳ್ಳೆಯ ಕೈ. ಹಲ್ಲು ಕೀಳುವುದು ತೋಳ್ಬಲದ ಕೆಲಸ ಎಂದು ಜನ ತಿಳಿದಿದ್ದಾರೆ. ಅದು ತಾಳ್ಮೆಯ ಕೆಲಸ. ಹಲ್ಲನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ, ಸುತ್ತಲಿನ ಮೂಳೆ ದಾರಿ ಬಿಡುವ ತನಕ ಕಾಯಬೇಕು. ಕಾಯುವುದು ಖುಷ್ನುಮಾಳಿಗೆ ಗೊತ್ತಿತ್ತು. ಅವಳು "ಆಯ್ತು" ಎಂದರೆ ಕುರ್ಚಿಯಲ್ಲಿ ಕೂತವರು "ಏನಾಯ್ತು?" ಎನ್ನುತ್ತಿದ್ದರು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಕಲಿತವರಿಗೆ ಅಷ್ಟೂ ಬೇಡವೇ?

ಕ್ಲಿನಿಕ್ ತೆರೆಯುವ ಮುಂಚೆ ಹಫೀಜ್ ಸಾಬರು ಮಗಳನ್ನು ಡಾಕ್ಟರ್ ಪ್ರಭುದೇವ್ ಅವರ ಬಳಿ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಎದುರು ಬಹಳ ಕಾಲದಿಂದ ಶಾಪು ಇಟ್ಟಿರುವ ಹಲ್ಲಿನ ಡಾಕ್ಟರು. ದೊಡ್ಡವರು, ಆಶೀರ್ವಾದ ಇರಲಿ ಎಂದು ಶಾಲು ಹೊದಿಸಿ, ಹಣ್ಣಿಟ್ಟು ಕೈ ಮುಗಿದರು. ಪ್ರಭುದೇವ್ ಹಣ್ಣನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ನೋಡಮ್ಮ, ಒಂದೇ ಮಾತು ಹೇಳ್ತೀನಿ. ಮೂರು ವರ್ಷ ಮೇಲಿನ ಹಲ್ಲಿಗೆ ಕೈ ಹಾಕ್ಬೇಡ. ಕೆಳಗಿಂದು ಎಷ್ಟು ಬೇಕಾದ್ರೂ ಕೀಳು. ಮೇಲಿಂದು ಅಂದ್ರೆ ಮಾತ್ರೆ ಬರ್ಕೊಡು, ಇಲ್ಲಾ ತುಮಕೂರಿಗೆ ಹೋಗಿ ಅನ್ನು."

"ಯಾಕೆ ಸಾರ್?"

"ಯಾಕೆ ಅಂದ್ರೆ, ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತೆ ಅಂತಾರೆ ಈ ಜನ."

"ಹಲ್ಲಿಗೂ ಕಣ್ಣಿಗೂ ಏನು ಸಾರ್ ಸಂಬಂಧ?"

"ನನಗೂ ಗೊತ್ತು, ನಿನಗೂ ಗೊತ್ತು. ಬಾಯಿ ಅವರದ್ದಲ್ವಾ ತಾಯಿ" ಎಂದು ನಕ್ಕರು.

ಖುಷ್ನುಮಾಳೂ ನಕ್ಕಳು. ಮನೆಗೆ ಬಂದು ಅಜ್ಜಿ ಖಾಜಾಬಿಗೆ ಹೇಳಿದರೆ ಅಜ್ಜಿ ನಗಲಿಲ್ಲ. "ಊಪರ್ ಕಾ ದಾಂತ್ ನಕ್ಕೋ ನಿಕಾಲ್ ಬೇಟಿ, ಮೇಲಿನ್ ಹಲ್ಲು ಕೀಳ್ಬೇಡ, ನಮ್ಮಣ್ಣನ್ ಕಣ್ಣು ಹಂಗೇ ಹೋಗಿದ್ದು" ಎಂದು ಗದ್ದ ಹಿಡಿದು ಹೇಳಿದಳು. ಮಸೀದಿಗೆ ಹೋಗುವವರು, ಮಠಕ್ಕೆ ಹೋಗುವವರು, ಎಲ್ಲಿಗೂ ಹೋಗದವರು, ಎಲ್ಲರೂ ಒಮ್ಮತದಿಂದ ನಂಬಿದ್ದ ಒಂದೇ ಒಂದು ಮಾತು ಆ ಸೀಮೆಯಲ್ಲಿ ಇದ್ದರೆ ಅದು ಇದೇ.

ಮೊದಲ ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಬರಗೂರಿನಿಂದ ಚಿಕ್ಕಹನುಮಕ್ಕ ಬಂದಳು, ಮಗ ಕದಿರಯ್ಯನ ಕೈ ಹಿಡಿದುಕೊಂಡು. ಎಪ್ಪತ್ತರ ಮುದುಕಿ. ಮೇಲಿನ ದವಡೆ ಹಲ್ಲು ಬೇರುಸಹಿತ ಜೋತಾಡುತ್ತಿತ್ತು. ಊಟ ಬಿಟ್ಟು ವಾರವಾಗಿತ್ತು. ಕಿತ್ತರೆ ಪುಣ್ಯ, ಬಿಟ್ಟರೆ ಪಾಪ ಎನ್ನುವಂಥ ಹಲ್ಲು. ಖುಷ್ನುಮಾ ಕಿತ್ತಳು. "ಏನಾಯ್ತು?" ಎಂದಳು ಮುದುಕಿ, ಎಲ್ಲರ ಹಾಗೆ. ಕೀಳುವಾಗಲೇ ಖುಷ್ನುಮಾ ಆ ಕಡೆಯ ಕಣ್ಣಿನಲ್ಲಿ ಬೆಳ್ಳಗೆ ಪೊರೆ ಕಟ್ಟಿದ್ದನ್ನು ನೋಡಿದ್ದಳು. "ಇವರ ಕಣ್ಣಿಗೆ ಪೊರೆ ಬಂದಿದೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ಚಿಕ್ಕ ಆಪರೇಷನ್ನು, ಸರಿಹೋಗುತ್ತೆ" ಎಂದು ಕದಿರಯ್ಯನಿಗೆ ಎರಡು ಸಲ ಹೇಳಿದಳು. ಅವನು ಎರಡು ಸಲವೂ "ಆಗ್ಲಮ್ಮ" ಎಂದ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಸುಗ್ಗಿ ಕಳೆಯುವ ಹೊತ್ತಿಗೆ ಪೊರೆ ಬಲಿತು ಮುದುಕಿಗೆ ಆ ಕಣ್ಣು ಪೂರ್ತಿ ಮಂಜಾಯಿತು. ಪೊರೆಯ ಮಾತನ್ನು ಕದಿರಯ್ಯ ಮರೆತಿದ್ದ. ಹಲ್ಲಿನ ಮಾತು ನೆನಪಿತ್ತು. ಒಂದು ದಿನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ರಸ್ತೆಗೆಲ್ಲ ಕೇಳುವಂತೆ ಕೂಗಿದ:

"ಏನಮ್ಮಾ, ಹಲ್ಲು ಕಿತ್ಕೊಡು ಅಂದ್ರೆ ನಮ್ಮವ್ವನ್ ಕಣ್ಣೇ ಕಿತ್ಬುಟ್ಯಲ್ಲಮ್ಮಾ! ಎಂಗ್ ಬಾಳಾದು ಮುದ್ಕಿ?"

ಖುಷ್ನುಮಾ ಕೆಳಗಿಳಿದು ಬಂದು ಕೈ ಮುಗಿದು ಹೇಳಿದಳು. ಅದು ಪೊರೆ, ಕಣ್ಣು ಹೋಗಿಲ್ಲ, ನಾನೇ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸುತ್ತೇನೆ, ಮುದುಕಿಗೆ ಮತ್ತೆ ಕಾಣಿಸುತ್ತದೆ ಎಂದಳು. ಕದಿರಯ್ಯ ಹಿಂದಕ್ಕೆ ಸರಿದ. "ಒಂದ್ ಕಣ್ಣು ತಗಂಡಿದ್ದು ಸಾಲ್ದಾ? ಇನ್ನೊಂದೂ ಬೇಕಾ ನಿಂಗೆ?" ಎಂದ. ಸುತ್ತ ನಿಂತವರು ಹೌದೌದೆಂದು ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಬರವೆಲ್ಲಿ? ಬರಗೂರಿನ ಬಸ್ಸು ಆ ಸುದ್ದಿಯನ್ನು ಹಳ್ಳಿಗಳಿಗೆ ಒಯ್ದಿತು, ಬೇರೆ ಬಸ್ಸುಗಳು ಮಧುಗಿರಿಗೂ ಕೊರಟಗೆರೆಗೂ ಹೊತ್ತವು, ಉಳಿದ ಊರುಗಳಿಗೆ ಮೊಬೈಲಿನಲ್ಲಿ ಹೋಯಿತು. ಕ್ಲಿನಿಕ್ಕಿನ ಕುರ್ಚಿಗೆ ಧೂಳು ಕೂರತೊಡಗಿತು.

ಈಗ ಉಳಿದಿದ್ದವರು ಪ್ರಭುದೇವ್ ಒಬ್ಬರೇ. ಅವರ ಮಾತನ್ನು ಜನ ಕೇಳುತ್ತಾರೆ. ಕಳ್ಳಂಬೆಳ್ಳದಲ್ಲಿ ಉಚಿತ ಆರೋಗ್ಯ ಶಿಬಿರ ಇತ್ತು, ಇಬ್ಬರೂ ಹೋಗುವವರಿದ್ದರು. ಅಲ್ಲಿ ಒಂದು ಮಾತು ಹೇಳಿ ಸಾರ್, ಹಲ್ಲಿಗೂ ಕಣ್ಣಿಗೂ ಸಂಬಂಧವಿಲ್ಲ ಅಂತ ಅಷ್ಟೇ ಹೇಳಿ ಎಂದು ಖುಷ್ನುಮಾ ಕೇಳಿಕೊಂಡಳು. "ಅದಕ್ಕೇನಂತೆ" ಎಂದರು. ಶಿಬಿರದಲ್ಲಿ ಯಾರೋ ಎದ್ದು ನಿಂತು ಕೇಳಿಯೂ ಕೇಳಿದರು, "ಸಾರ್, ಮೇಲಿನ್ ಹಲ್ಲು ಕಿತ್ರೆ ಕಣ್ಣು ಹೋಗುತ್ತಾ?" ಪ್ರಭುದೇವ್ ಮೈಕು ಹಿಡಿದರು. ಪಕ್ಕದ ಕುರ್ಚಿಯಲ್ಲಿ ಖುಷ್ನುಮಾ ಕೂತಿದ್ದಳು.

"ಹೋಗುತ್ತೆ ಅನ್ನೋಕೂ ಆಗಲ್ಲ, ಹೋಗಲ್ಲ ಅನ್ನೋಕೂ ಆಗಲ್ಲ" ಎಂದರು ಪ್ರಭುದೇವ್, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ಎಲ್ಲಾ ಕೀಳೋ ಕೈ ಮೇಲೆ ಇರುತ್ತಪ್ಪ."

ಜನ ಚಪ್ಪಾಳೆ ತಟ್ಟಿದರು. ಖುಷ್ನುಮಾ ತನ್ನ ಎರಡೂ ಕೈಗಳನ್ನು ದುಪಟ್ಟಾದ ಕೆಳಗೆ ಇಟ್ಟುಕೊಂಡಳು. ಅವಳಿಗೆ ಅಷ್ಟು ಅವಮಾನ ಹಿಂದೆಂದೂ ಆಗಿರಲಿಲ್ಲ, ಕದಿರಯ್ಯ ಬೀದಿಯಲ್ಲಿ ಕೂಗಿದಾಗಲೂ ಆಗಿರಲಿಲ್ಲ. ಅವನು ತಿಳಿಯದವನು. ಇವರು ಎಲ್ಲ ತಿಳಿದು, ಹತ್ತಿರ ಕೂರಿಸಿಕೊಂಡು ಚುಚ್ಚಿದರು.

ಹಫೀಜ್ ಸಾಬರು ಮಂಡಿಯಿಂದ ಮನೆಗೆ ಬಂದರೆ ಮಾತಿಲ್ಲ ಕತೆಯಿಲ್ಲ. ಕಾಯಿ ತಂದ ರೈತರೂ ಮೂಟೆ ಇಳಿಸುವ ಮುಂಚೆ ಮಗಳ ವಿಚಾರ ತೆಗೆಯುತ್ತಿದ್ದರು. ಒಂದು ದಿನ ಅನ್ನದ ಮುಂದೆ ಕೂತು, "ಬೇಟಾ, ಪ್ರಭುದೇವ್ ಸಾಬ್ರು ಮೊದಲೇ ಹೇಳಿದ್ರಲ್ಲ. ಕೇಳಿದ್ರೆ ಏನು ಹೋಗ್ತಿತ್ತು?" ಎಂದರು. ಖುಷ್ನುಮಾ ತಟ್ಟೆ ಬಿಟ್ಟು ಎದ್ದಳು. ಬೇರೆ ಯಾರು ಅಂದಿದ್ದರೂ ಸಹಿಸುತ್ತಿದ್ದಳು.

ಹೀಗಿರುವಾಗ ಬಳೆ ಅಂಗಡಿಯ ತರನ್ನುಮ್ ಹಲ್ಲು ನೋವೆಂದು ಬಂದಳು. ನೆರೆಯವಳೆಂಬ ದಾಕ್ಷಿಣ್ಯಕ್ಕೆ ಬಂದವಳು. ಮೇಲಿನ ದವಡೆಯ ಹಲ್ಲು, ಹುಳುಕು ಆಳಕ್ಕಿಳಿದಿತ್ತು, ಆದರೆ ಉಳಿಸಬಹುದಾದ ಹಲ್ಲು. "ಇದನ್ನ ಕೀಳೋದು ಬೇಡ, ರೂಟ್ ಕೆನಾಲ್ ಮಾಡ್ತೀನಿ" ಎಂದಳು ಖುಷ್ನುಮಾ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ತರನ್ನುಮ್ ಬಳೆ ತೊಡಿಸುತ್ತ ತೊಡಿಸುತ್ತ ಕೈ ಚಾಚಿದ ಹೆಂಗಸರಿಗೆಲ್ಲ ಹೇಳಿದ್ದು ಬೇರೆ: "ಡಾಕ್ಟ್ರಮ್ಮ ಈಗ ಮೇಲಿನ್ ಹಲ್ಲು ಮುಟ್ಟೋದೇ ಇಲ್ಲ. ಕೀಳಲ್ಲ ಅಂತ ಅವರೇ ಹೇಳಿದ್ರು."

ಜನ ಬರತೊಡಗಿದರು. ಮೊದಲು ಒಬ್ಬಿಬ್ಬರು, ಆಮೇಲೆ ಹಿಂಡು ಹಿಂಡಾಗಿ. ತಪ್ಪು ಮಾಡಿ ತಿದ್ದಿಕೊಂಡವಳ ಮೇಲೆ ಊರಿಗೆ ವಿಶೇಷ ಅಕ್ಕರೆ. ಪಾವಗಡದ ಕಡೆಯವರು ಬಸ್ಸಿನಿಂದ ಇಳಿಯುತ್ತಲೇ ತೆಲುಗಿನಲ್ಲಿ "ಪೈ ಪನ್ನು ತೀಯನಿ ಡಾಕ್ಟರಮ್ಮ ಎಕ್ಕಡ?" ಎಂದು ಕೇಳಿದರೆ ಆಟೋದವರು ಸೀದಾ ತಂದು ಬಿಡುತ್ತಿದ್ದರು. ಮೇಲಿನ ಹಲ್ಲು ಕೀಳದ ಡಾಕ್ಟ್ರಮ್ಮ. ಅದೇ ಅವಳ ಹೆಸರಾಯಿತು. ಅವಳು ಸುಳ್ಳು ಹೇಳಲಿಲ್ಲ, ಆದರೆ "ಕಿತ್ತರೆ ಕಣ್ಣು ಹೋಗುತ್ತಲ್ವಾ ಮೇಡಂ?" ಎಂದು ಕೇಳಿದಾಗ ಮೊದಮೊದಲು ಸುಮ್ಮನಿದ್ದಳು, ಆಮೇಲೆ ಮುಗುಳ್ನಕ್ಕಳು, ವರ್ಷ ತುಂಬುವ ಹೊತ್ತಿಗೆ "ಯಾಕೆ ಸುಮ್ನೆ ರಿಸ್ಕು" ಎನ್ನತೊಡಗಿದಳು. ಉಳಿಸಬಹುದಾದ ಹಲ್ಲುಗಳನ್ನು ನಿಷ್ಠೆಯಿಂದ ಉಳಿಸಿದಳು, ಅದರಲ್ಲಿ ಎರಡು ಮಾತಿಲ್ಲ. ಕೀಳಲೇಬೇಕಾದವರಿಗೆ ಮಾತ್ರೆ ಬರೆದು, ತುಮಕೂರಿಗೆ ಹೋಗಿ ಎಂದಳು. ಹೋದವರು ಕಡಿಮೆ. ಉಳಿದವರು ಮಾತ್ರೆ ನುಂಗಿ, ಲವಂಗ ಕಚ್ಚಿ, ಕೆನ್ನೆ ಹಿಡಿದುಕೊಂಡೇ ಬದುಕಿದರು.

ಪ್ರಭುದೇವ್ ಒಂದು ಮದುವೆಯಲ್ಲಿ ಸಿಕ್ಕಿ ಬೆನ್ನು ತಟ್ಟಿದರು. "ಈಗ ನೋಡು, ಬುನಾದಿ ಅಂದ್ರೆ ಇದು" ಎಂದರು. ಅವಳು ನಕ್ಕು ನಮಸ್ಕಾರ ಮಾಡಿದಳು. ಆ ನಗು ಅವಳಿಗೇ ಹೇಸಿಗೆ ತಂದಿತು, ಆದರೂ ನಕ್ಕಳು.

ಮೂರನೆಯ ವರ್ಷ, ಒಂದು ಸೋಮವಾರ, ಕಳ್ಳಂಬೆಳ್ಳದ ಚನ್ನಮಲ್ಲಮ್ಮ ಮಗ ಹಾಲೇಶನನ್ನು ಕರೆತಂದಳು. ಲಗೇಜ್ ಗಾಡಿ ಓಡಿಸುವ ಮೂವತ್ತರ ಗಟ್ಟಿಗ. ಎಡಗಡೆ ಮೇಲಿನ ಕೋರೆಹಲ್ಲು ಎಂದೋ ಮುರಿದು ಬೇರಷ್ಟೇ ಉಳಿದಿತ್ತು. ಅದರ ಬುಡದಲ್ಲಿ ಕೀವು ತುಂಬಿ ಕೆನ್ನೆ ಕಣ್ಣಿನ ಕೆಳಗಿನವರೆಗೂ ಊದಿಕೊಂಡಿತ್ತು.

"ಕಿತ್ತಾಕ್ಬುಡಿ ಮೇಡಂ. ತಡಿಯಾಕಾಗ್ತಿಲ್ಲ" ಎಂದ ಹಾಲೇಶ.

"ಲೇ, ಬಾಯ್ ಮುಚ್ಕಂಡು ಕುಂತ್ಕಳ್ಲಾ" ಎಂದು ಚನ್ನಮಲ್ಲಮ್ಮ ಮಗನ ಭುಜಕ್ಕೆ ತಟ್ಟಿದಳು. "ಮೇಲ್ಗಡೆ ಕೋರೆಹಲ್ಲು ಕಣಮ್ಮ. ಅದ್ನ ಕಿತ್ರೆ ಕಣ್ಣು ಉಳಿದಾತಾ? ನೀವು ಕೀಳಾಕಿಲ್ಲ ಅಂತಾನೇ ಇಲ್ಲಿಗ್ ಕರ್ಕಂಡ್ ಬಂದಿರಾದು. ಏನಾರ ಮಾತ್ರೆ ಕೊಡ್ರಮ್ಮ."

ಖುಷ್ನುಮಾ ಕೆನ್ನೆಯನ್ನು ಒತ್ತಿ ನೋಡಿದಳು. ಬೆಂಕಿಯಂಥ ಬಿಸಿ. ಆ ಬೇರನ್ನು ಉಳಿಸುವ ಮಾತೇ ಇರಲಿಲ್ಲ. ಈಗಲೇ ಕಿತ್ತು ಕೀವಿಗೆ ಹೊರಗೆ ದಾರಿ ಮಾಡಬೇಕು, ಮಾಡದಿದ್ದರೆ ಅದು ಮೇಲಕ್ಕೆ ದಾರಿ ಮಾಡಿಕೊಳ್ಳುತ್ತದೆ. ಮೇಲೆ ಇರುವುದು ಕಣ್ಣು. ಇಷ್ಟು ದಿನ ಊರು ನಂಬಿದ್ದ ಮಾತಿಗೆ ಪೂರ್ತಿ ತಲೆಕೆಳಗಾದ ಸತ್ಯ ಆ ಕುರ್ಚಿಯಲ್ಲಿ ಬಂದು ಕೂತಿತ್ತು. ಅದನ್ನು ಪರೀಕ್ಷೆಯಲ್ಲಿ ಬರೆದು ಅವಳು ಒಳ್ಳೆಯ ಅಂಕ ತೆಗೆದಿದ್ದಳು.

ಹಾಲೇಶ ಬೆಳೆದ ಗಂಡಸು. ಕೀಳಿ ಎಂದು ತನ್ನ ಬಾಯಿಂದಲೇ ಹೇಳಿದ್ದಾನೆ. "ಅಮ್ಮ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದರೆ ಸಾಕಿತ್ತು. ಅವಳು ಪರದೆಯ ಕಡೆ ನೋಡಿದಳು. ಪರದೆಯ ಕೆಳಗೆ ಕಾಯುತ್ತ ಕೂತವರ ಪಾದಗಳು ಕಾಣುತ್ತಿದ್ದವು, ಸಾಲಾಗಿ. ಬಾವು ಆಗಲೇ ಕಣ್ಣಿನ ಹತ್ತಿರವಿದೆ. ಕಿತ್ತ ಮೇಲೂ ಕಣ್ಣಿಗೆ ಏನಾದರೂ ಆದರೆ? ಇನ್ನೊಬ್ಬ ಕದಿರಯ್ಯ ಮೆಟ್ಟಿಲ ಮೇಲೆ ನಿಂತು ಕೂಗಿದರೆ? ಈ ಸಲ ಬಿದ್ದರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಮಾತ್ರೆ ಕೊಡ್ತೀನಿ" ಎಂದಳು. "ಎರಡು ದಿನ ನೋಡಿ. ಇಳೀಲಿಲ್ಲ ಅಂದ್ರೆ ತುಮಕೂರಿಗೆ ಹೋಗಿ."

"ಇಲ್ಲೇ ಕೀಳಾಕೆ ಏನಾಗೈತೆ ಮೇಡಂ?" ಎಂದ ಹಾಲೇಶ. ಖುಷ್ನುಮಾ ಅವನ ಮುಖ ನೋಡದೆ ಚೀಟಿ ಬರೆದಳು. ಚನ್ನಮಲ್ಲಮ್ಮ ಕೈಯೆತ್ತಿ ಮುಗಿದು ಮಗನನ್ನು ಎಬ್ಬಿಸಿಕೊಂಡು ಹೋದಳು.

ಆ ದಿನವೆಲ್ಲ ಅವಳಿಗೆ ಅದೇ ಯೋಚನೆ. ಫೋನ್ ಮಾಡಿ, ತಡಮಾಡಬೇಡಿ, ಇವತ್ತೇ ತುಮಕೂರಿಗೆ ಹೋಗಿ ಎನ್ನಬೇಕು ಎಂದುಕೊಂಡಳು. ಸಂಜೆ ಜನ ಇದ್ದರು. ಬೆಳಿಗ್ಗೆ ಮಾಡೋಣ ಎಂದುಕೊಂಡಳು. ಬೆಳಿಗ್ಗೆಯೂ ಜನ ಇದ್ದರು. ಆಮೇಲೆ, ಏನೂ ಸುದ್ದಿ ಇಲ್ಲವೆಂದರೆ ಇಳಿದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾಡಬಾರದ್ದನ್ನು ಮಾಡಿದವರಿಗೆ ಸಮಾಧಾನ ಎಲ್ಲಿಂದಲಾದರೂ ಸಿಕ್ಕೇ ಸಿಗುತ್ತದೆ.

ಸುದ್ದಿಯನ್ನು ತಂದವಳು ಚನ್ನಮಲ್ಲಮ್ಮನೇ. ತಿಂಗಳು ಕಳೆದ ಮೇಲೆ, ತುಂಬಿದ ಕ್ಲಿನಿಕ್ಕಿಗೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಬಂದಳು. ಹಿಂದೆ ಹಾಲೇಶ. ಸೊರಗಿ ಅರ್ಧವಾಗಿದ್ದ. ಕಪ್ಪು ಕನ್ನಡಕ ಹಾಕಿದ್ದ.

"ನೀವ್ ಯೋಳಿದ್ದೇ ನಿಜ ಆಯ್ತು ಕಣಮ್ಮ" ಎಂದು ಚನ್ನಮಲ್ಲಮ್ಮ ಅಲ್ಲೇ, ಎಲ್ಲರ ನಡುವೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರನೇ ದಿನುಕ್ಕೆ ಕಣ್ಣೇ ಬಿಡಾಕಾಗ್ದಂಗೆ ಊದ್ಕಂತು. ತುಮಕೂರಿಗ್ ಒಯ್ದೋ, ಅಲ್ಲಿಂದ ಬೆಂಗ್ಳೂರಿಗೆ ಕಳಿಸ್ಬುಟ್ರು. ಅಲ್ಲಿ ನಮ್ ಮಾತು ಯಾರ್ ಕೇಳ್ತಾರೆ? ಬ್ಯಾಡ ಬ್ಯಾಡ ಅಂದ್ರೂ ಹಲ್ಲು ಕಿತ್ತೇಬುಟ್ರು. ಜೀವ ಉಳೀತು. ಎಡಗಣ್ಣು ಹೋತು. ನೀವು ಕೀಳ್ದೆ ಕಳ್ಸಿದ್ರಿ, ಪುಣ್ಯಾತ್ಗಿತ್ತಿ. ನಮ್ ಗ್ರಾಚಾರ, ಅವ್ರ ಕೈಗ್ ಸಿಕ್ಕಾಕ್ಕಂಡ್ವಿ."

ಕ್ಲಿನಿಕ್ಕಿನಲ್ಲಿ ಕೂತವರೆಲ್ಲ ಲೊಚಗುಟ್ಟಿದರು. "ಮೇಲಿನ್ ಹಲ್ಲು ಮುಟ್ಬಾರ್ದು ಕಣಮ್ಮ" ಎಂದಿತು ಒಂದು ದನಿ. ಖುಷ್ನುಮಾ ತಟ್ಟೆ ತೆಗೆದುಕೊಂಡಳು.

ಹಾಲೇಶ ಮುಂದೆ ಬಂದ. ಕನ್ನಡಕ ತೆಗೆದ. ಎಡಗಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ.

"ಮೇಡಂ, ಒಂದ್ ಮಾತು ಕೇಳ್ತೀನಿ. ಅವತ್ತೇ ನೀವು ಕಿತ್ತಿದ್ರೆ ನನ್ ಕಣ್ಣು ಉಳೀತಿತ್ತಾ?"

ಕೆನ್ನೆ ಹಿಡಿದು ಕೂತಿದ್ದವರೆಲ್ಲ ಅವಳ ಕಡೆ ತಿರುಗಿದರು. ಮಧುಗಿರಿಯವರಿದ್ದರು, ಪಾವಗಡದವರಿದ್ದರು, ಬರಗೂರಿನವರೂ ಇದ್ದರು. ಮೇಲಿನ ಹಲ್ಲಿನ ವಿಚಾರದಲ್ಲಿ ನಾಲ್ಕು ತಾಲ್ಲೂಕಿನ ಜನ ಯಾರ ಮಾತನ್ನಾದರೂ ನಂಬುವುದಿದ್ದರೆ ಈಗ ಅವಳೊಬ್ಬಳ ಮಾತನ್ನು ನಂಬುತ್ತಿದ್ದರು. ಪ್ರಭುದೇವ್ ಹೇಳಿದರೂ ನಂಬುತ್ತಿರಲಿಲ್ಲ, ಅವಳು ಹೇಳಿದರೆ ನಂಬುತ್ತಿದ್ದರು. ಉಳೀತಿತ್ತು, ಕೀಳದೆ ಕಳಿಸಿದ್ದು ನನ್ನ ತಪ್ಪು ಎಂದು ಅವಳು ಅಂದಿದ್ದರೆ, ಆ ಕ್ಲಿನಿಕ್ಕಿನಲ್ಲಿ ಅವತ್ತು ಕೂತವರಲ್ಲಿ ಐದಾರು ಜನರಾದರೂ ಹಲ್ಲು ಕೀಳಿಸಿಕೊಂಡು ನೋವು ಕಳೆದುಕೊಂಡು ಮನೆಗೆ ಹೋಗುತ್ತಿದ್ದರು. ಅವಳ ಹೆಸರು ಮಾತ್ರ ಅಲ್ಲಿಗೆ ಮಣ್ಣುಪಾಲಾಗುತ್ತಿತ್ತು.

"ಉಳೀತಿತ್ತು ಅನ್ನೋಕೂ ಆಗಲ್ಲ" ಎಂದಳು ಖುಷ್ನುಮಾ. "ಇಲ್ಲ ಅನ್ನೋಕೂ ಆಗಲ್ಲ. ಎಲ್ಲಾ ಅವರವರ ಮೈ ಮೇಲೆ ಇರುತ್ತೆ."

"ಕೇಳುಸ್ಕಂಡ್ಯೇನ್ಲಾ?" ಎಂದಳು ಚನ್ನಮಲ್ಲಮ್ಮ ಮಗನಿಗೆ. "ದಿನಾ ನನ್ ಪ್ರಾಣ ತಿಂತಿದ್ಯಲ್ಲ."

ಹಾಲೇಶ ಕನ್ನಡಕವನ್ನು ಮತ್ತೆ ಹಾಕಿಕೊಂಡ. ದನಿ ತಗ್ಗಿಸಿ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ:

"ಬೆಂಗ್ಳೂರ್ ಡಾಕ್ಟ್ರು ನಂಗೆ ಎಲ್ಲಾ ಯೋಳವ್ರೆ ಮೇಡಂ. ನಿಮ್ ಬಾಯಿಂದ ಕೇಳಾನ ಅಂತ ಬಂದೆ. ನಮ್ಮವ್ವುಂಗೆ ತಿಳೀದು, ಅವಳ್ನ ಬೈಯಾಕಾಗಲ್ಲ. ನಿಮಗ್ ತಿಳಿದಿತ್ತು."

ಉತ್ತರಕ್ಕೆ ಅವನು ಕಾಯಲಿಲ್ಲ. ತಾಯಿಯ ಭುಜ ಹಿಡಿದು ಮೆಟ್ಟಿಲಿಳಿದ. ಒಂದು ಕಣ್ಣಿಗೆ ಮೆಟ್ಟಿಲಿನ ಆಳ ತಿಳಿಯದೆ, ಪ್ರತಿ ಸಲವೂ ಪಾದದಿಂದ ಮೊದಲು ತಡವಿ ನೋಡಿ ಇಳಿಯುತ್ತಿದ್ದ. ಅವನು ಗಾಡಿ ಓಡಿಸುತ್ತಿದ್ದವನು ಎಂಬುದು ಖುಷ್ನುಮಾಳಿಗೆ ಆಗ ನೆನಪಾಯಿತು.

ಅವರು ರಸ್ತೆ ದಾಟಿ ಹೋಗುವ ತನಕ ನಿಂತಿದ್ದು ಒಳಗೆ ಬಂದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈ ತೊಳೆದಳು. ಕುರ್ಚಿಯಲ್ಲಿ ಮಧುಗಿರಿ ಕಡೆಯ ಹೆಂಗಸೊಬ್ಬಳು ಆಗಲೇ ಕೂತು ಬಾಯಿ ತೆರೆದಿದ್ದಳು. ಕೆನ್ನೆ ಊದಿತ್ತು.

"ಮೇಲಿಂದಾ, ಕೆಳಗಿಂದಾ?" ಎಂದು ಕೇಳಿದಳು ಖುಷ್ನುಮಾ.

ಹೆಂಗಸು ಬೆರಳೆತ್ತಿ ಮೇಲಿನ ಹಲ್ಲನ್ನು ತೋರಿಸಿದಳು. ಖುಷ್ನುಮಾ ಬಗ್ಗಿ ನೋಡಿದಳು. ಕೀಳಲೇಬೇಕಾದ ಹಲ್ಲು. ಬಹಳ ಹೊತ್ತು ಅದನ್ನೇ ನೋಡಿ, ಮಾತ್ರೆ ಬರೆದುಕೊಟ್ಟಳು.